ಕಾರವಾರದವರಿಗೆ ಕಾರವಾರದ ಗುರುತು ಯಾವುದು?

ಡಿಸೆಂಬರಿನಲ್ಲಿ ಮನೆಮಂದಿಯೊಂದಿಗೆ ಎರಡು ದಿನ ಕಾರವಾರಕ್ಕೆ ಬರುತ್ತಿರುವುದಾಗಿ ಬರೆದಿದ್ದೀರಿ. ಪ್ರವಾಸಿ ಪಟ್ಟಿಗಳಲ್ಲೆಲ್ಲ ಕಡಲತೀರ, ಯುದ್ಧನೌಕೆ, ಕೋಟೆ ಎಂಬ ಮೂರೇ ಹೆಸರುಗಳು ಸಿಗುತ್ತಿವೆ. ಅಲ್ಲೇ ಹುಟ್ಟಿ ಬೆಳೆದವರ ಮನಸ್ಸಿನಲ್ಲಿ ಊರಿನ ನಿಜವಾದ ಗುರುತು ಯಾವುದು, ಅದರ ನೆನಪೇನು ಎಂಬುದು ನಿಮ್ಮ ಪ್ರಶ್ನೆ. ಕಾಳಿ ನದಿಯ ಉತ್ತರ ದಡದ ಚಿತ್ತಾಕುಲದಲ್ಲಿ, ಅಂದರೆ ಸದಾಶಿವಗಡದ ಬುಡದಲ್ಲಿ ಬೆಳೆದವನಾಗಿ ನಾನು ಕೊಡಬಹುದಾದ ಉತ್ತರ ನಿಮಗೆ ವಿಚಿತ್ರವೆನಿಸಬಹುದು. ನನ್ನ ಮಟ್ಟಿಗೆ ಕಾರವಾರದ ಮೊದಲ ಗುರುತು ಕಾಳಿಯ ಹಳೆಯ ಸೇತುವೆ, ಮತ್ತು ಆ ಸೇತುವೆ ಈಗ ಇಲ್ಲ. 2024ರ ಆಗಸ್ಟ್ 7ರ ನಸುಕಿನಲ್ಲಿ, ರಾತ್ರಿ ಒಂದು ಗಂಟೆಯ ಸುಮಾರಿಗೆ, ಅದು ನದಿಗೆ ಕುಸಿದುಬಿತ್ತು. ಆ ಹೊತ್ತಿಗೆ ಅದರ ಮೇಲಿದ್ದ ಲಾರಿಯೊಂದು ನೀರಿಗೆ ಬಿದ್ದಿತು. ಕ್ಯಾಬಿನ್ನಿನ ಮೇಲೆ ಹತ್ತಿ ಕುಳಿತಿದ್ದ ಚಾಲಕನನ್ನು ಮೀನುಗಾರರು ಮತ್ತು ಪೊಲೀಸರು ದೋಣಿಯಲ್ಲಿ ಹೋಗಿ ಕರೆತಂದರು.

ಈ ಸೇತುವೆ ಆದದ್ದು 1983ರಲ್ಲಿ. ಆಗ ನಾನು ಪ್ರಾಥಮಿಕ ಶಾಲೆ ಮುಗಿಸುವ ಹಂತದಲ್ಲಿದ್ದೆ. ಹಾಗಾಗಿ ಸೇತುವೆಗೆ ಮುಂಚಿನ ಕಾರವಾರವನ್ನೂ ನಂತರದ ಕಾರವಾರವನ್ನೂ ಕಂಡ ಕೊನೆಯ ಪೀಳಿಗೆಗೆ ಸೇರಿದವನು. ಅದಕ್ಕೂ ಮೊದಲು ಪೇಟೆಗೆ ಹೋಗಬೇಕೆಂದರೆ ನಮ್ಮ ದಡದಿಂದ ಕೋಡಿಬಾಗಕ್ಕೆ ಲಾಂಚಿನಲ್ಲಿ ದಾಟಬೇಕಿತ್ತು. ಭಾನುವಾರದ ಸಂತೆಗೆ ಅಜ್ಜಿಯ ಜೊತೆ ಹೊರಟರೆ ದಕ್ಕೆಯ ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತಿದ್ದವು. ಲಾಂಚಿನ ಪಕ್ಕಕ್ಕೆ ಕಟ್ಟಿದ್ದ ಹಳೆಯ ಟಯರುಗಳು ದಕ್ಕೆಗೆ ಉಜ್ಜಿದಾಗ ಬರುವ ಕೀರಲು ಸದ್ದು, ಡೀಸೆಲ್ಲಿನ ವಾಸನೆಯೊಂದಿಗೆ ಬೆರೆತ ಬಂಗಡೆಯ ವಾಸನೆ, ಮೀನಿನ ಬುಟ್ಟಿಯಿಂದ ತೊಟ್ಟಿಕ್ಕುವ ನೀರು ನಮ್ಮ ಬಟ್ಟೆಗೆ ತಾಗದಂತೆ ಅಜ್ಜಿ ತನ್ನ ಕೊಡೆಯನ್ನು ಅಡ್ಡ ಹಿಡಿಯುತ್ತಿದ್ದ ರೀತಿ, ಇವೆಲ್ಲ ನಿನ್ನೆ ಮೊನ್ನೆಯವು ಅನಿಸುತ್ತವೆ. ಮಳೆಗಾಲದಲ್ಲಿ ಕಾಳಿ ಕೆಂಪಾಗಿ ಉಕ್ಕಿ ಬಂದಾಗ ದಾಟುವುದು ಸುಲಭವಿರಲಿಲ್ಲ. ಆಚೆ ದಡದಲ್ಲಿ ಆಸ್ಪತ್ರೆ, ಕಚೇರಿ, ಕೋರ್ಟು ಎಲ್ಲವೂ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಇದ್ದವು, ಆದರೆ ನಡುವೆ ನದಿಯಿತ್ತು. ಹಿರಿಯರು ಒಂದು ಕಾಯಿಲೆಯ ಅಥವಾ ಒಂದು ಹೆರಿಗೆಯ ಕಥೆ ಹೇಳುವಾಗ ಅದು ಲಾಂಚು ಸಿಕ್ಕ ಕಥೆಯೋ ಸಿಗದ ಕಥೆಯೋ ಎಂಬುದರ ಮೇಲೆ ಅವರ ದನಿ ಬದಲಾಗುತ್ತಿತ್ತು.

ಸೇತುವೆಯಾದ ಮೇಲೆ ನಾನು ಪೇಟೆಯ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋದೆ. ಕಾಂಕ್ರೀಟಿನ ಎರಡು ತೊಲೆಗಳು ಕೂಡುವ ಕಡೆಯಲ್ಲೆಲ್ಲ ಬಸ್ಸಿನ ಚಕ್ರ ದಡ್ ದಡ್ ಎನ್ನುತ್ತಿತ್ತು. ಆ ಸದ್ದನ್ನು ಎಣಿಸಿಕೊಂಡೇ ನಾವು ಕಣ್ಣುಮುಚ್ಚಿ ನದಿಯ ಯಾವ ಭಾಗದಲ್ಲಿದ್ದೇವೆಂದು ಹೇಳುವ ಆಟ ಆಡುತ್ತಿದ್ದೆವು. ಗೋವಾ ಕಡೆಯಿಂದ ಬರುವವರಿಗೆ ಇನ್ನೊಂದು ಅನುಭವವಿತ್ತು, ಅದು ಹೊಸ ಸೇತುವೆಯ ಮೇಲೆ ಇಂದಿಗೂ ಸಿಗುತ್ತದೆ: ಸದಾಶಿವಗಡದ ಗುಡ್ಡವನ್ನು ಕಡಿದು ಮಾಡಿದ ಕಿರಿದಾದ ಕಣಿವೆಯೊಳಗೆ ಹೆದ್ದಾರಿ ನುಗ್ಗುತ್ತದೆ, ಎರಡೂ ಬದಿಗೆ ಕಲ್ಲಿನ ಗೋಡೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಮರುಕ್ಷಣವೇ ಗೋಡೆ ಮುಗಿದು ಬಲಗಡೆ ಅರಬ್ಬೀ ಸಮುದ್ರ, ಎಡಗಡೆ ಸಹ್ಯಾದ್ರಿಯ ಸಾಲು, ಕೆಳಗೆ ಅಗಲವಾದ ಕಾಳಿ. ಬಾಲ್ಯದಿಂದ ಇಲ್ಲಿಯವರೆಗೆ ಎಷ್ಟು ಸಲ ದಾಟಿದ್ದರೂ ಆ ತಿರುವಿನಲ್ಲಿ ನಾನು ಮಾತು ನಿಲ್ಲಿಸುತ್ತೇನೆ. ನಿಮ್ಮ ಮಕ್ಕಳು ನಿದ್ದೆ ಮಾಡುತ್ತಿದ್ದರೆ ದಯವಿಟ್ಟು ಅಲ್ಲಿ ಎಬ್ಬಿಸಿ. ನೀವು ದಕ್ಷಿಣದಿಂದ ಬರುವವರಾದ್ದರಿಂದ ಒಮ್ಮೆ ಸದಾಶಿವಗಡದ ಆಚೆಗೆ ಹೋಗಿ ಹಿಂತಿರುಗಿ ಬನ್ನಿ, ಆಗಲೇ ಇದು ಸಿಗುವುದು.

ಚತುಷ್ಪಥ ಹೆದ್ದಾರಿಗಾಗಿ ಪಕ್ಕದಲ್ಲಿ ಹೊಸ ಸೇತುವೆ ಬಂದ ಮೇಲೆ ಎರಡೂ ಬಳಕೆಯಲ್ಲಿದ್ದವು, ಒಂದರ ಮೇಲೆ ಹೋಗುವುದು, ಇನ್ನೊಂದರ ಮೇಲೆ ಬರುವುದು. ಹಳೆಯದು ಬಿದ್ದ ಮರುದಿನ ನಾನು ಕೋಡಿಬಾಗದ ದಡದಲ್ಲಿ ನಿಂತಿದ್ದೆ. ನನ್ನ ಸುತ್ತ ನಿಂತಿದ್ದ ಹತ್ತಾರು ಜನರಲ್ಲಿ ಯಾರೂ ಜೋರಾಗಿ ಮಾತನಾಡುತ್ತಿರಲಿಲ್ಲ. ಮನೆಯ ಹಿರಿಯರೊಬ್ಬರು ತೀರಿಕೊಂಡಾಗ ಅಂಗಳದಲ್ಲಿ ನಿಲ್ಲುವಂತೆ ನಿಂತಿದ್ದರು. ಕಂಬಗಳ ನಡುವೆ ಓರೆಯಾಗಿ ನೀರಿಗೆ ಇಳಿದಿದ್ದ ರಸ್ತೆಯ ಮೇಲೆ ಬಿಳಿ ಪಟ್ಟಿ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು, ಅದರ ತುದಿಯನ್ನು ಕೆಂಪು ನೀರು ಎತ್ತಿ ಎತ್ತಿ ಬಿಡುತ್ತಿತ್ತು. ಹಗಲು ಹೊತ್ತಿನಲ್ಲಿ, ಶಾಲೆಯ ಬಸ್ಸುಗಳು ಓಡುವ ಗಳಿಗೆಯಲ್ಲಿ ಬಿದ್ದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಅಲ್ಲಿದ್ದ ಎಲ್ಲರಿಗೂ ಬಂದಿತ್ತೆಂದು ಅವರ ಮುಖ ನೋಡಿಯೇ ಹೇಳಬಹುದಿತ್ತು. ಹಳೆಯದರ ತೆರವು ಕೆಲಸ ಆಮೇಲೆ ನಡೆಯಿತು. ನಲವತ್ತೊಂದು ವರ್ಷಕ್ಕೆ ಒಂದು ಸೇತುವೆ ಮುದಿಯಾಗಬಾರದು ಎಂದು ನಾನು ಈಗಲೂ ನಂಬುತ್ತೇನೆ.

ಈಗ ನೀವು ಕೇಳಿದ ಕಡಲತೀರಕ್ಕೆ ಬರೋಣ. ನದಿಯಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಕಾರವಾರವನ್ನು ಹೊರಗಿನ ಲೋಕಕ್ಕೆ ಪರಿಚಯಿಸಿದ ಅತ್ಯಂತ ಪ್ರಸಿದ್ಧ ಅತಿಥಿಯೂ ಈ ನದಿಯ ಮೂಲಕವೇ ಊರನ್ನು ಕಂಡವರು. 1880ರ ದಶಕದ ಆರಂಭದಲ್ಲಿ ರವೀಂದ್ರನಾಥ ಠಾಗೋರರು ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೆರಡರ ಆಸುಪಾಸಿನ ವಯಸ್ಸು. ಅವರ ಅಣ್ಣ, ಐಸಿಎಸ್‌ಗೆ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿಯ ಮೇಲ್ಮುಖವಾಗಿ ಹೋಗಿ, ಒಂದು ಕೋಟೆಯ ಬುಡದ ರೈತನ ಅಂಗಳದಲ್ಲಿ ಕುಳಿತು, ಇಳಿತದ ನೀರಿನೊಂದಿಗೆ ಹಿಂತಿರುಗಿ, ನದೀಮುಖದಲ್ಲಿ ಇಳಿದು ಮರಳಿನ ಮೇಲೆ ನಡೆಯುತ್ತ ಮನೆ ಸೇರಿದ ಪ್ರಸಂಗವನ್ನು ಅವರು ತಮ್ಮ ಆತ್ಮಕಥನದಲ್ಲಿ ಬರೆದುಕೊಂಡಿದ್ದಾರೆ. 1884ರಲ್ಲಿ ಪ್ರಕಟವಾದ ಅವರ 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದದ್ದು ಇಲ್ಲಿಯೇ. ಹೈಸ್ಕೂಲಿನಲ್ಲಿ ನಮ್ಮ ಮಾಸ್ತರರು ಇದನ್ನು ಹೇಳಿದ ದಿನ ಸಂಜೆ ನಾನು ಬಸ್ಸಿಗೆ ಕಾಯದೆ ಕಡಲತೀರದಿಂದ ಕೋಡಿಬಾಗದವರೆಗೆ ಮರಳಿನ ಮೇಲೆಯೇ ನಡೆದಿದ್ದೆ. ಊರಿಗೆ ಬರುವವರೆಲ್ಲರಿಗೂ ನಾನು ಹೇಳುವ ಮೊದಲ ಸಲಹೆ ಅದೇ. ಕಡಲತೀರಕ್ಕೆ ಠಾಗೋರರ ಹೆಸರಿದೆ ಎಂಬುದನ್ನು ಫಲಕದಲ್ಲಿ ಓದಿ ಹೊರಟುಬಿಡಬೇಡಿ, ನದಿ ಕಡಲು ಸೇರುವ ಕಡೆಗೆ ನಡೆದು ನೋಡಿ.

ತೀರದ ಗಾಳಿಮರಗಳ ಬಗ್ಗೆ ಒಂದು ಮಾತು ಸೇರಿಸಬೇಕು. ಠಾಗೋರರು ಬರೆದ ಆ ಗಾಳಿತೋಪನ್ನು ಓದಿದವರು ಅದು ಅನಾದಿಕಾಲದ ಕಾಡೆಂದು ತಿಳಿಯುತ್ತಾರೆ. ನಿಜವಾಗಿ ಗಾಳಿಮರ ನಮ್ಮ ಕರಾವಳಿಯದಲ್ಲ. ಸೌದೆಗಾಗಿ 1868ರ ಸುಮಾರಿಗೆ ಇಲ್ಲಿ ನೆಡುತೋಪು ಎಬ್ಬಿಸಿದರು, ಭಾರತದ ಆರಂಭದ ಗಾಳಿತೋಪುಗಳಲ್ಲಿ ಕಾರವಾರದ್ದೂ ಒಂದು. ಅಂದರೆ ಕವಿ ಕಂಡ ಮರಗಳಿಗೆ ಆಗ ಹದಿನೈದರ ಪ್ರಾಯವಷ್ಟೇ! ಊರಿಗೂ ಹೆಚ್ಚೇನೂ ವಯಸ್ಸಾಗಿರಲಿಲ್ಲ. 1638ರ ಸುಮಾರಿಗೆ ಇಂಗ್ಲಿಷರು ಕೋಠಿ ತೆರೆದ ಕಾಲದ ವ್ಯಾಪಾರದ ನೆಲೆ ನದಿಯ ಒಳಭಾಗದ ಕಡವಾಡ, ಕಾರವಾರ ಎಂಬ ಹೆಸರು ಬಂದದ್ದೂ ಅದರಿಂದಲೇ. ಇಂದಿನ ಪೇಟೆ ಬೆಳೆದದ್ದು 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿ, ಜಿಲ್ಲಾ ಕೇಂದ್ರ ಇಲ್ಲಿಗೆ ಬಂದಾಗ. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದ ಆ ವರ್ಷಗಳಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಇಲ್ಲಿಂದ ಹಡಗು ಹತ್ತುತ್ತಿತ್ತು. ಕಡಲತೀರದ ಪಕ್ಕದ ಹಳೆಯ ಕಚೇರಿಗಳ ಓಣಿಯಲ್ಲಿ ನಡೆದರೆ ಆ ಕಾಲದ ಹೆಂಚಿನ ಮಾಡುಗಳು, ಎತ್ತರದ ಜಗಲಿಗಳು ಅಲ್ಲಲ್ಲಿ ಉಳಿದಿವೆ. ಅವುಗಳ ಮುಂದೆ ನಿಂತು ಫೋಟೋ ತೆಗೆಯುವವರು ಕಡಿಮೆ, ನನಗಂತೂ ಅದು ಬೇಸರದ ವಿಷಯ.

ಯುದ್ಧನೌಕೆಯನ್ನು ನೀವು ಹೇಗೂ ನೋಡುತ್ತೀರಿ, ಮಕ್ಕಳಿದ್ದರೆ ನೋಡಲೇಬೇಕು. ಸೋವಿಯತ್ ನಿರ್ಮಿತ ಕ್ಷಿಪಣಿ ನೌಕೆ ಚಪಲ್ 1976ರಲ್ಲಿ ನೌಕಾಪಡೆಗೆ ಸೇರಿ 2005ರಲ್ಲಿ ನಿವೃತ್ತವಾಯಿತು, 2006ರ ನವೆಂಬರಿನಿಂದ ಮರಳಿನ ಮೇಲೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಒಳಗೆ ಇಳಿದರೆ ಆಳೆತ್ತರದ ಗೊಂಬೆಗಳು ನಾವಿಕರ ಕೆಲಸವನ್ನು ತೋರಿಸುತ್ತವೆ. ಇದೇ ನೌಕೆ 1971ರಲ್ಲಿ ಕರಾಚಿಗೆ ನುಗ್ಗಿತ್ತು ಎಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ, ಆ ದಾಳಿಯನ್ನು ಮಾಡಿದ್ದು ಇದೇ ಬಗೆಯ ಹಿಂದಿನ ನೌಕೆಗಳು, ಚಪಲ್ ಬಂದದ್ದು ಆ ಯುದ್ಧ ಮುಗಿದು ಐದು ವರ್ಷಕ್ಕೆ. ಈಚೆಗೆ ಪಕ್ಕದಲ್ಲಿ ನೌಕಾಪಡೆಯ ಟುಪೊಲೆವ್ 142 ಗಸ್ತು ವಿಮಾನವನ್ನೂ ತಂದಿರಿಸಿದ್ದಾರೆ.

ಆದರೆ ನೌಕೆಯ ಹತ್ತಿರವೇ ಇರುವ ಪ್ರತಿಮೆಯ ಮುಂದೆ ಜನ ನಿಲ್ಲದೆ ಹೋಗುವುದನ್ನು ಕಂಡಾಗ ನನಗೆ ಅವರನ್ನು ಕರೆದು ನಿಲ್ಲಿಸಬೇಕೆನಿಸುತ್ತದೆ. ಅದು ಮೇಜರ್ ರಾಮ ರಾಘೋಬಾ ರಾಣೆಯವರದು. 1918ರಲ್ಲಿ ಹುಟ್ಟಿದವರು, ಮೂಲ ಕಾರವಾರ ತಾಲ್ಲೂಕಿನ ಚೆಂಡಿಯಾ, ಬದುಕಿರುವಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯ ನೆಲಬಾಂಬುಗಳನ್ನೂ ಮರದ ತಡೆಗಳನ್ನೂ ಗುಂಡಿನ ಮಳೆಯ ನಡುವೆ ದಿನಗಟ್ಟಲೆ ತೆರವುಗೊಳಿಸಿದ್ದು ಅವರ ತಂಡ. ಒಂದು ಹಂತದಲ್ಲಿ ಅವರು ಟ್ಯಾಂಕಿನ ಹೊಟ್ಟೆಯಡಿ ತೆವಳುತ್ತ, ಅದರೊಂದಿಗೇ ಮುಂದೆ ಸಾಗುತ್ತ, ನಿಲ್ಲು, ನಡೆ ಎಂಬ ಸೂಚನೆಯನ್ನು ಹಗ್ಗ ಎಳೆದು ಚಾಲಕನಿಗೆ ಕೊಟ್ಟರು. ಶತ್ರುವಿನ ಠಾಣೆ ಗೆದ್ದದ್ದಕ್ಕಲ್ಲ, ಹಿಂದೆ ಬರುವವರಿಗೆ ದಾರಿ ಬಿಡಿಸಿಕೊಟ್ಟದ್ದಕ್ಕೆ ಸಿಕ್ಕ ಪದಕ ಅದು. ನದಿ ದಾಟುವುದೇ ಬದುಕಾಗಿದ್ದ ತಾಲ್ಲೂಕಿನ ಮಗನಿಗೆ ಈ ಗೌರವ ಸಂದದ್ದು ನಮಗೆಲ್ಲ ದೊಡ್ಡ ಹೆಮ್ಮೆ.

ಕಡಲತೀರದಲ್ಲಿ ಒಂದು ಬದಲಾವಣೆ ಮಾತ್ರ ನನಗೆ ಇನ್ನೂ ಒಗ್ಗಿಲ್ಲ. ಮೊದಲು ಪೇಟೆಯ ಅಡ್ಡರಸ್ತೆಗಳ ಕೊನೆಗೆ ಕಡಲಿನ ನೀಲಿ ತುಂಡೊಂದು ಕಾಣುತ್ತಿತ್ತು. ಲಂಡನ್ ಬ್ರಿಜ್ ಎಂದು ನಾವು ಕರೆಯುವ ಸಣ್ಣ ಸೇತುವೆಯ ಕಡೆಯಿಂದ ಹೆದ್ದಾರಿಯ ಮೇಲ್ಸೇತುವೆ ಬಂದ ಮೇಲೆ ಹಲವು ಕಡೆ ಕಾಂಕ್ರೀಟಿನ ಗೋಡೆ ಕಾಣುತ್ತದೆ. ಗೋವಾ–ಮಂಗಳೂರು ವಾಹನಗಳಿಗೆ ಅನುಕೂಲವಾಗಿದೆ, ನಿಜ. ಊರಿಗೂ ಕಡಲಿಗೂ ನಡುವಿನ ನೋಟ ತಪ್ಪಿಹೋಗಿದೆ ಎಂಬುದೂ ನಿಜ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ಕಾಮಗಾರಿ ತೀರಕ್ಕೆ ಬಂದಾಗ ಮೀನುಗಾರರು ಬೀದಿಗಿಳಿದು, ಕೆಲಸ ನ್ಯಾಯಾಲಯದ ತಡೆಯಾಜ್ಞೆಗೆ ನಿಂತದ್ದನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ಈ ತೀರ ಪ್ರವಾಸಿಗರಿಗೆ ವಿಹಾರದ ಜಾಗ, ಮೀನುಗಾರರಿಗೆ ಬಲೆ ಎಳೆಯುವ ಅಂಗಳ. ಬೆಳಿಗ್ಗೆ ಬೇಗ ಹೋದರೆ ಏಂಡಿ ಬಲೆಯನ್ನು ದಡಕ್ಕೆ ಎಳೆಯುವುದನ್ನು ನೀವು ಕಾಣಬಹುದು. ನನ್ನ ಬಾಲ್ಯದಲ್ಲಿ ರಂಪಣಿ ಎಂಬ ದೊಡ್ಡ ಬಲೆ ಹಾಕಿದರೆ ಅದನ್ನು ಎಳೆಯಲು ಹತ್ತಾರು ಕೈ ಬೇಕಾಗುತ್ತಿತ್ತು, ಹಗ್ಗ ಹಿಡಿದ ಹುಡುಗರಿಗೂ ಒಂದು ಪಾಲು ಸಿಗುತ್ತಿತ್ತು. ನನ್ನ ಮೊದಲ ಸಂಪಾದನೆ ತೆಂಗಿನ ಗರಿಯಲ್ಲಿ ಪೋಣಿಸಿಕೊಟ್ಟ ಏಳು ಬಂಗಡೆ.

ಸದಾಶಿವಗಡದ ಕೋಟೆಯೆಂದರೆ ಈಗ ಉಳಿದಿರುವುದು ಗೋಡೆಗಳ ತುಣುಕುಗಳು, ದುರ್ಗಾದೇವಿಯ ಗುಡಿ, ಮತ್ತು ಆ ಎತ್ತರ. ಸೋಂದೆಯ ಅರಸ ಬಸವಲಿಂಗ ತನ್ನ ತಂದೆ ಸದಾಶಿವನ ಹೆಸರಿನಲ್ಲಿ ಕಟ್ಟಿಸಿದ ಕೋಟೆಯಿದು. 1752ರಲ್ಲಿ ಪೋರ್ಚುಗೀಸರು ಇದನ್ನು ಹಿಡಿದು ಪೀರೊ ಎಂಬ ಹೆಸರಿಟ್ಟರು, ಕೆಳಗಿನ ಪೀರ್ ದರ್ಗಾದಿಂದ ಬಂದ ಹೆಸರದು. ಗುಡಿಗೆ ಹೋಗುವವರೂ ದರ್ಗಾಕ್ಕೆ ಹೋಗುವವರೂ ನಮ್ಮ ಊರಿನಲ್ಲಿ ಒಬ್ಬರೇ. ನನ್ನ ಅಜ್ಜಿ ನವರಾತ್ರಿಗೆ ಮೇಲೆ ಹತ್ತುತ್ತಿದ್ದಳು, ಉರುಸಿನ ದಿನ ಕೆಳಗೆ ಸಕ್ಕರೆ ಹಂಚಲು ಹೋಗುತ್ತಿದ್ದಳು. ಕೋಟೆ ನೋಡಲೆಂದು ಹತ್ತಿದರೆ ನಿರಾಸೆಯಾಗಬಹುದು, ನದೀಮುಖವನ್ನು ನೋಡಲೆಂದು ಹತ್ತಿ.

ಅಲ್ಲಿಂದ ಕಾಣುವ ದ್ವೀಪಗಳ ವಿಷಯ ಸ್ವಲ್ಪ ಎಚ್ಚರದಿಂದ ಹೇಳಬೇಕು. ದೀಪಸ್ತಂಭವಿರುವುದು ದೇವಗಡ, ಇಂಗ್ಲಿಷರು ಆಯಿಸ್ಟರ್ ರಾಕ್ ಎಂದು ಕರೆದದ್ದು. ಆಮೆಯ ಬೆನ್ನಿನಂತಿರುವುದು ಕೂರ್ಮಗಡ. ಅಲ್ಲಿ ನರಸಿಂಹನ ಗುಡಿಯಿದ್ದು ಜನವರಿಯ ಸುಮಾರಿಗೆ, ಪುಷ್ಯದ ಹುಣ್ಣಿಮೆಗೆ ಜಾತ್ರೆ ನಡೆಯುತ್ತದೆ, ಬಾಳೆಗೊನೆ ಹೊತ್ತ ಜನ ದೋಣಿಗಳಲ್ಲಿ ಹೋಗುತ್ತಾರೆ. 2019ರ ಜನವರಿ 21ರಂದು ಜಾತ್ರೆಯಿಂದ ಹಿಂತಿರುಗುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಆ ದಿನದಿಂದ ಜಾತ್ರೆಯ ಮಾತು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಒಂದು ಗಳಿಗೆ ಮೌನ ಕವಿಯುತ್ತದೆ. ನೀವು ದೇವಬಾಗದ ಕಡೆಗೋ ಡಾಲ್ಫಿನ್ ನೋಡಲೋ ದೋಣಿ ಹತ್ತುವುದಾದರೆ ಜೀವರಕ್ಷಕ ಅಂಗಿ ಕೊಟ್ಟು, ಅದನ್ನು ಕಟ್ಟಿಕೊಂಡ ಮೇಲೆಯೇ ಹೊರಡುವ ದೋಣಿಯನ್ನು ಹತ್ತಿ. ಜನ ಹೆಚ್ಚಾದರೆ ಇಳಿದುಬಿಡಿ, ಮುಲಾಜು ಬೇಡ.

ದಕ್ಷಿಣಕ್ಕೆ ಕಾಣುವ ದೊಡ್ಡ ದ್ವೀಪ ಅಂಜದೀವ್, ಅಲ್ಲಿಗೆ ಹೋಗುವಂತಿಲ್ಲ. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಹೊತ್ತಿಗೆ ಅದನ್ನು ಬಿಡಿಸಿಕೊಳ್ಳಲು ಹೋದ ನಮ್ಮ ನೌಕಾಪಡೆಯ ಏಳು ಜನ ಅಲ್ಲಿ ಪ್ರಾಣ ಕೊಟ್ಟರು. ಇಂದು ಅದು ಕದಂಬ ನೌಕಾನೆಲೆಯ ಭಾಗ. 1986ರಲ್ಲಿ ರಾಜೀವ್ ಗಾಂಧಿಯವರು ಅಡಿಗಲ್ಲು ಹಾಕಿದ ಸೀಬರ್ಡ್ ಯೋಜನೆಗಾಗಿ ಕಾರವಾರ ಮತ್ತು ಅಂಕೋಲೆಯ ನಡುವಿನ ಹದಿಮೂರು ಊರುಗಳು ಎದ್ದುಹೋದವು. ನೆಲೆ ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಆ ಊರುಗಳಲ್ಲೊಂದರಲ್ಲಿ ನನ್ನ ಸೋದರತ್ತೆಯ ಮನೆಯಿತ್ತು. ಬೇಸಿಗೆ ರಜೆಯಲ್ಲಿ ನಾವು ಅವಳ ಹಿತ್ತಿಲ ಬಾಗಿಲು ತೆರೆದರೆ ಹತ್ತು ಹೆಜ್ಜೆಗೆ ಕಡಲು. ಅತ್ತೆ ಹೊಸ ಮನೆಗೆ ಬರುವಾಗ ತುಳಸಿಕಟ್ಟೆಯ ಒಂದು ಕಲ್ಲನ್ನು ತಂದಿದ್ದಳು, ಅದು ಈಗಲೂ ಅವಳ ಮಗನ ಅಂಗಳದಲ್ಲಿದೆ. ಹೆದ್ದಾರಿಯಲ್ಲಿ ಅಂಕೋಲೆಯ ಕಡೆಯಿಂದ ಬರುವಾಗ ಕಡಲಿನ ಬದಿಗೆ ಉದ್ದಕ್ಕೂ ಸಾಗುವ ಎತ್ತರದ ಕಾಂಪೌಂಡನ್ನು ನೋಡುತ್ತೀರಲ್ಲ, ಅದರಾಚೆ ಹಿತ್ತಿಲುಗಳಿದ್ದವು ಎಂದು ಮಕ್ಕಳಿಗೆ ಹೇಳಿ. ದೇಶಕ್ಕೆ ಆ ನೆಲೆ ಬೇಕಿತ್ತು, ಅತ್ತೆಯೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ.

ಉಳಿದಂತೆ, ರೈಲಿನಲ್ಲಿ ಬರುವುದಾದರೆ ನಿಲ್ದಾಣ ಪೇಟೆಯೊಳಗಿಲ್ಲ, ಶಿರವಾಡದಲ್ಲಿದೆ, ಆಟೋ ಹಿಡಿಯಬೇಕು. ಗೋವಾ ಗಡಿಯ ಮಾಜಾಳಿಯ ತಿಳಮಾತಿಯಲ್ಲಿ ಎಳ್ಳಿನಂಥ ಕಪ್ಪು ಮರಳಿದೆ, ಸಮಯವಿದ್ದರೆ ಹೋಗಿ. ಎರಡು ದಿನಗಳಲ್ಲಿ ಒಂದು ಭಾನುವಾರವಾಗುವಂತೆ ನೋಡಿಕೊಳ್ಳಿ. ಸಂತೆಯಲ್ಲಿ ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಹೆಂಗಸರು ತಂದ ಸೊಪ್ಪು ತರಕಾರಿಗಳ ಮುಂದೆ ಕೊಂಕಣಿಯಲ್ಲಿ ಬೆಲೆ ಕೇಳಿ ಕನ್ನಡದಲ್ಲಿ ಚೌಕಾಶಿ ಮಾಡುವ ನಮ್ಮ ಊರಿನ ಮಾತಿನ ರೀತಿ ನಿಮಗೆ ಬೇರೆಲ್ಲೂ ಇಷ್ಟು ಚೆನ್ನಾಗಿ ಕೇಳಿಸದು.

ಮೊದಲ ದಿನದ ಸಂಜೆಯನ್ನು ಮಾತ್ರ ಕೋಡಿಬಾಗದ ನದಿದಡಕ್ಕೆ ಮೀಸಲಿಡಿ. ಹೊರಡುವ ಮುನ್ನ ಇಳಿತದ ಹೊತ್ತು ಯಾವುದೆಂದು ಯಾರನ್ನಾದರೂ ಕೇಳಿ. ಉಬ್ಬರಕ್ಕೆ ಭರ್ತಿ, ಇಳಿತಕ್ಕೆ ಸುಕ್ತಿ ಎನ್ನುವುದು ನಮ್ಮ ಕೊಂಕಣಿ, ಸುಕ್ತಿ ಎಷ್ಟು ಹೊತ್ತಿಗೆ ಎಂದು ಕೇಳಿದರೆ ದಡದ ಯಾವ ಹುಡುಗನೂ ಹೇಳುತ್ತಾನೆ. ಆ ಹೊತ್ತಿಗೆ ನದಿಯ ನಡುವೆ ಮರಳದಿಬ್ಬ ಎದ್ದಿರುತ್ತದೆ, ಸೊಂಟದ ತನಕ ನೀರಿನಲ್ಲಿ ನಿಂತ ಹೆಂಗಸರು ಕಾಲಿನಿಂದ ತಡಕಿ ಖುಬ್ಬೆ, ತಿಸ್ರೆ ಎಂಬ ಚಿಪ್ಪಿನ ಜೀವಿಗಳನ್ನು ಆರಿಸುತ್ತಿರುತ್ತಾರೆ. ಸೇತುವೆಯ ಮೇಲೆ ಗೋವಾ ಬಸ್ಸುಗಳು ದೀಪ ಹಾಕಿಕೊಂಡು ಹೋಗುವ ವೇಳೆಗೆ ಅವರು ದಡಕ್ಕೆ ಬಂದು ಬುಟ್ಟಿಯನ್ನು ನೀರಿನಲ್ಲಿ ಅಲುಗಿಸಿ ಕೆಸರು ತೊಳೆಯುತ್ತಾರೆ. ನೀವು ಕೇಳಿದರೆ ಅಲ್ಲಿಯೇ ಅಳೆದು ಕೊಡುತ್ತಾರೆ. ಉಳಿದುಕೊಳ್ಳುವ ಕಡೆ ಅಡುಗೆಯವರಿಗೆ ಮೊದಲೇ ಹೇಳಿಟ್ಟಿದ್ದರೆ, ತೆಂಗಿನಕಾಯಿ ಹಾಕಿ ಸುಕ್ಕೆ ಮಾಡಿಕೊಡುವಂತೆ ಕೇಳಿ.